ಎಕ್ಸ್‌ಪಿ ನಿಂತಿತು, ಯಂತ್ರ ನಿಲ್ಲಲಿಲ್ಲ



2017ರ ಮೇ 13, ಶನಿವಾರ. ಆಂಧ್ರಪ್ರದೇಶದ ಹಲವು ಪೊಲೀಸ್ ಕಚೇರಿಗಳ ಕಂಪ್ಯೂಟರ್ ಪರದೆ ಕೆಂಪಾಗಿತ್ತು. ‘ನಿಮ್ಮ ಕಡತಗಳಿಗೆ ಬೀಗ ಬಿದ್ದಿದೆ. 300 ಡಾಲರ್ ಬೆಲೆಯ ಬಿಟ್‌ಕಾಯಿನ್ ಕೊಟ್ಟರೆ ಬಿಡಿಸುತ್ತೇವೆ. ಮೂರು ದಿನ ಮೀರಿದರೆ ಎರಡರಷ್ಟು, ವಾರ ಮೀರಿದರೆ ಆಸೆ ಬಿಡಿ’ ಎಂಬ ಅರ್ಥದ ಬೆದರಿಕೆ. ಆ ಬೆದರಿಕೆ 28 ಭಾಷೆಗಳಲ್ಲಿ ಸಿದ್ಧವಾಗಿತ್ತು. ಕನ್ನಡ, ತೆಲುಗು, ಹಿಂದಿ, ಯಾವುದೂ ಅದರಲ್ಲಿರಲಿಲ್ಲ. ಆದರೆ ಪೆಟ್ಟು ಮಾತ್ರ ನಮ್ಮವರಿಗೂ ಬಿತ್ತು. ವಿಶಾಖಪಟ್ಟಣ, ಶ್ರೀಕಾಕುಳಂ, ಗುಂಟೂರು, ಚಿತ್ತೂರು, ಜೊತೆಗೆ ವಿಜಯವಾಡ ಆಗ ಸೇರಿದ್ದ ಕೃಷ್ಣಾ ಜಿಲ್ಲೆ – ಇಷ್ಟು ಜಿಲ್ಲೆಗಳ 18 ಪೊಲೀಸ್ ಘಟಕಗಳ ಗಣಕಯಂತ್ರಗಳು ಹಾನಿಗೊಳಗಾದವೆಂದು ಪೊಲೀಸರೇ ಹೇಳಿದರು. ಹಿಂದಿನ ದಿನವಷ್ಟೇ ಶುರುವಾಗಿದ್ದ ‘ವಾನಾಕ್ರೈ’ ದಾಳಿ ಅದು. ಸುಮಾರು 150 ದೇಶಗಳಿಗೆ ಹರಡಿತು. ಬ್ರಿಟನ್ನಿನಲ್ಲಿ ಆಸ್ಪತ್ರೆಗಳೇ ರೋಗಿಗಳನ್ನು ವಾಪಸು ಕಳಿಸಬೇಕಾಯಿತು.

ಆ ವಾರ ಎಲ್ಲೆಡೆ ಬೈಸಿಕೊಂಡದ್ದು ವಿಂಡೋಸ್ ಎಕ್ಸ್‌ಪಿ. ಮೂರು ವರ್ಷ ಮೊದಲೇ, 2014ರ ಏಪ್ರಿಲ್ 8ರಂದು, ಮೈಕ್ರೋಸಾಫ್ಟ್ ಅದರ ಕೈಬಿಟ್ಟಿತ್ತು.

ಎಕ್ಸ್‌ಪಿಯನ್ನು ನಾವು ಬೈಯುವ ಮುಂಚೆ ಅದರ ಋಣವನ್ನೂ ನೆನೆಯಬೇಕು. ವಿಂಡೋಸ್ 98ರ ಕಾಲದಲ್ಲಿ ಕನ್ನಡ ಬರೆಯಲು ಬೇರೆಯೇ ತಂತ್ರಾಂಶ ಬೇಕಿತ್ತು. ಒಂದರಲ್ಲಿ ಟೈಪು ಮಾಡಿದ ಪತ್ರ, ಆ ಅಕ್ಷರಶೈಲಿ ಇಲ್ಲದ ಯಂತ್ರದಲ್ಲಿ ತೆರೆದರೆ ಬರೀ ಕಲಸುಮೇಲೋಗರ. 2001ರ ಅಕ್ಟೋಬರ್ 25ರಂದು ಬಂದ ಎಕ್ಸ್‌ಪಿ, ಕನ್ನಡ ಮತ್ತು ತೆಲುಗಿನ ಯೂನಿಕೋಡ್ ಅಕ್ಷರಗಳನ್ನು ತನ್ನೊಳಗೇ ಇಟ್ಟುಕೊಂಡು ಬಂತು. ಕಂಟ್ರೋಲ್ ಪ್ಯಾನೆಲ್ಲಿಗೆ ಹೋಗಿ, ಒಂದು ಚೌಕದಲ್ಲಿ ಗುರುತು ಹಾಕಿ, ಕೇಳಿದಾಗ ಸಿಡಿ ಹಾಕಿದ್ದು ನಿಮ್ಮಲ್ಲಿ ಕೆಲವರಿಗಾದರೂ ನೆನಪಿರಬಹುದು. ಕನ್ನಡದ ಅಕ್ಷರಶೈಲಿಯ ಹೆಸರು ‘ತುಂಗಾ’, ತೆಲುಗಿನದು ‘ಗೌತಮಿ’. ಎರಡೂ ನದಿಗಳ ಹೆಸರು. ಶೃಂಗೇರಿಯ ತುಂಗೆ ಭದ್ರೆಯನ್ನು ಕೂಡಿ ಕೃಷ್ಣೆಯನ್ನು ಸೇರಿ, ಕೊನೆಗೆ ವಿಜಯವಾಡದ ಪ್ರಕಾಶಂ ಬ್ಯಾರೇಜಿನ ಬಳಿ ಹರಿಯುತ್ತಾಳಷ್ಟೆ. ಈ ಎರಡು ಭಾಷೆಗಳು ಕಂಪ್ಯೂಟರಿನೊಳಗೆ ಬಂದದ್ದೂ ಹಾಗೆ ಒಟ್ಟಿಗೇ.

ಹಾಗಾದರೆ 2014ರ ಆ ದಿನ ಏನಾಯಿತು? ಮೇಲ್ನೋಟಕ್ಕೆ ಏನೂ ಆಗಲಿಲ್ಲ. ಮರುದಿನವೂ ಯಂತ್ರ ಎಂದಿನಂತೆ ಚಾಲೂ ಆಯಿತು, ಪತ್ರ ಟೈಪಾಯಿತು, ಪ್ರಿಂಟರ್ ಓಡಿತು. ನಿಂತದ್ದು ರಿಪೇರಿ ಮಾತ್ರ. ಮೈಕ್ರೋಸಾಫ್ಟ್ ಪ್ರತಿ ತಿಂಗಳ ಎರಡನೆಯ ಮಂಗಳವಾರ ತನ್ನ ತಂತ್ರಾಂಶದಲ್ಲಿ ಕಂಡ ತೂತುಗಳಿಗೆ ತೇಪೆ ಹಾಕುತ್ತದೆ. ಆ ತೇಪೆ ಎಕ್ಸ್‌ಪಿಗೆ ಬರುವುದು ನಿಂತಿತು.

ಇಲ್ಲೊಂದು ಸೂಕ್ಷ್ಮ ಇದೆ. ಹೊಸ ವಿಂಡೋಸನ್ನು ಪೂರ್ತಿ ಹೊಸದಾಗಿ ಬರೆದಿರುವುದಿಲ್ಲ, ಹಳೆಯದರ ಎಷ್ಟೋ ಭಾಗ ಅದರಲ್ಲಿ ಹಾಗೇ ಉಳಿದಿರುತ್ತದೆ. ಹೊಸದಕ್ಕೆ ತೇಪೆ ಹಾಕಿದ ದಿನವೇ, ಹಳೆಯದರಲ್ಲಿ ತೂತು ಎಲ್ಲಿದೆ ಎಂಬುದು ಕಳ್ಳನಿಗೂ ಗೊತ್ತಾಗುತ್ತದೆ. ಒಂದೇ ನಕ್ಷೆಯ ಹತ್ತು ಮನೆಗಳಲ್ಲಿ ಒಂಬತ್ತರ ಹಿತ್ತಿಲ ಬಾಗಿಲು ಭದ್ರ ಮಾಡಿದರೆ ಹತ್ತನೆಯವನ ಗತಿ ಏನು?

ವಾನಾಕ್ರೈ ನುಗ್ಗಿದ್ದು ಇಂಥ ಬಾಗಿಲಿನಿಂದಲೇ. ಕಡತಗಳನ್ನು ಹಂಚಿಕೊಳ್ಳುವ ಹಳೆಯ ಸೌಲಭ್ಯವೊಂದರಲ್ಲಿ ತೂತಿತ್ತು. ಒಂದು ಯಂತ್ರಕ್ಕೆ ಬಂದರೆ ಸಾಕು, ಯಾರೂ ಏನೂ ಒತ್ತದೆಯೇ ಜಾಲದಲ್ಲಿದ್ದ ಪಕ್ಕದ ಯಂತ್ರಕ್ಕೂ ಹೋಗುತ್ತಿತ್ತು. ಅದಕ್ಕೆ ಮದ್ದು 2017ರ ಮಾರ್ಚ್ 14ರಂದೇ ಬಂದಿತ್ತು, ಆದರೆ ಎಕ್ಸ್‌ಪಿಗಲ್ಲ. ದಾಳಿ ಶುರುವಾದ ಮೇಲೆ ಮೈಕ್ರೋಸಾಫ್ಟ್ ತನ್ನ ನಿಯಮ ಮುರಿದು, ಕೈಬಿಟ್ಟ ಎಕ್ಸ್‌ಪಿಗೂ ತೇಪೆ ಕೊಟ್ಟಿತು. ಅಷ್ಟರಲ್ಲಿ ಮಾರ್ಕಸ್ ಹಚಿನ್ಸ್ ಎಂಬ ಬ್ರಿಟಿಷ್ ತರುಣ, ಆ ಕ್ರಿಮಿ ತಡಕುತ್ತಿದ್ದ ಒಂದು ಜಾಲತಾಣದ ಹೆಸರನ್ನು ನೋಂದಾಯಿಸಿ ಅದರ ಓಟ ನಿಲ್ಲಿಸಿದ್ದ.

ಆದರೆ ಮಿತ್ರರೇ, ಧೂಳು ಅಡಗಿದ ಮೇಲೆ ಇನ್ನೊಂದು ಸತ್ಯ ಹೊರಬಿತ್ತು. ಕ್ಯಾಸ್ಪರ್‌ಸ್ಕಿ ಸಂಸ್ಥೆಯ ಲೆಕ್ಕದಂತೆ, ಸೋಂಕು ತಗುಲಿದ ಯಂತ್ರಗಳಲ್ಲಿ ಶೇಕಡಾ 98ರಷ್ಟು ವಿಂಡೋಸ್ 7ರವು. ಎಕ್ಸ್‌ಪಿ ಯಂತ್ರಗಳಲ್ಲಿ ಹೆಚ್ಚಿನವು ದಾಳಿಗೆ ನೀಲಿ ಪರದೆ ತೋರಿಸಿ ಮಲಗುತ್ತಿದ್ದವೇ ಹೊರತು ಸೋಂಕನ್ನು ಹರಡುತ್ತಿರಲಿಲ್ಲ. ವಿಂಡೋಸ್ 7ಕ್ಕೆ ಆಗ ರಿಪೇರಿ ನಿಂತಿರಲಿಲ್ಲ, ಅದು ನಿಂತದ್ದು 2020ರ ಜನವರಿ 14ರಂದು. ಎರಡು ತಿಂಗಳಿಂದ ಮದ್ದು ಕೈಯಲ್ಲೇ ಇತ್ತು, ಕುಡಿದಿರಲಿಲ್ಲ, ಅಷ್ಟೆ. ತಯಾರಕರು ಕೈಬಿಟ್ಟ ಯಂತ್ರ, ನಾವೇ ಕೈಬಿಟ್ಟ ಯಂತ್ರ – ಕಳ್ಳನಿಗೆ ಎರಡೂ ಒಂದೇ.

ಪಾಠ ಕಲಿಯಲು ನಾವು ಸಮಯ ತೆಗೆದುಕೊಂಡೆವು. ಎಟಿಎಂಗಳಲ್ಲಿ ಎಕ್ಸ್‌ಪಿ ಇನ್ನೂ ಓಡುತ್ತಿದ್ದುದರಿಂದ 2018ರ ಜೂನ್‌ನಲ್ಲಿ ರಿಸರ್ವ್ ಬ್ಯಾಂಕ್ ಎಲ್ಲ ಬ್ಯಾಂಕುಗಳಿಗೆ ಗಡುವು ಕೊಟ್ಟಿತು: ಹಂತ ಹಂತವಾಗಿ, 2019ರ ಜೂನ್ ಒಳಗೆ ಬದಲಿಸಿ ಎಂದು. ಎಕ್ಸ್‌ಪಿಯ ಆಯುಸ್ಸು ಮುಗಿದು ಐದು ವರ್ಷಗಳ ಮೇಲೆ!

2025ರ ಅಕ್ಟೋಬರ್ 14ರಂದು ವಿಂಡೋಸ್ 10ರ ಸರದಿಯೂ ಬಂತು. ನಿಮ್ಮ ಮನೆಯ ಯಂತ್ರ ಅದೇ ಆಗಿದ್ದರೆ ಗಾಬರಿ ಬೇಡ, ಉಪೇಕ್ಷೆಯೂ ಬೇಡ. ಸಾಧ್ಯವಿದ್ದರೆ ಹೊಸದಕ್ಕೆ ಬದಲಾಯಿಸಿ, ಇಲ್ಲವೇ ಪುಕ್ಕಟೆ ಸಿಗುವ ಲಿನಕ್ಸ್ ಹಾಕಿಸಿ. ಇದ್ದುದನ್ನೇ ಇಟ್ಟುಕೊಳ್ಳುವುದಾದರೆ ಅಂತರಜಾಲದ ತಂತಿ ಕಳಚಿಡಿ, ಅದರಲ್ಲಿ ಬ್ಯಾಂಕಿನ ವ್ಯವಹಾರ ಮಾಡಬೇಡಿ. ಏನೇ ಮಾಡುವ ಮೊದಲು ಮಕ್ಕಳ ಫೋಟೋ, ಅಪ್ಪ ಬರೆದಿಟ್ಟ ಪತ್ರ, ಮನೆ ಲೆಕ್ಕ ಎಲ್ಲದರ ಪ್ರತಿಯನ್ನು ಬೇರೆ ಡಿಸ್ಕಿಗೆ ಇಳಿಸಿ, ಡಿಸ್ಕನ್ನು ಕಳಚಿ ಬೀರುವಿನಲ್ಲಿಡಿ. ಹಳೆಯ ಅಕ್ಷರಶೈಲಿಯ ಕನ್ನಡ ಕಡತಗಳಿದ್ದರೆ, ಅವನ್ನು ಓದಬಲ್ಲ ಯಂತ್ರ ಬದುಕಿರುವಾಗಲೇ ಯೂನಿಕೋಡಿಗೆ ಬದಲಿಸಿಕೊಳ್ಳಿ.

ಆ ಶನಿವಾರ ಕೆಂಪು ಪರದೆ ಕಂಡವರಲ್ಲಿ, ಬೇರೆಡೆ ಪ್ರತಿ ಇಟ್ಟುಕೊಂಡವರು ಅದನ್ನು ಅಳಿಸಿ ಮತ್ತೆ ಕೆಲಸಕ್ಕೆ ಕೂರಬಹುದಿತ್ತು. ಈ ಭಾನುವಾರ ಅರ್ಧ ಗಂಟೆ ಅದಕ್ಕಾಗಿ ಎತ್ತಿಡಿ. ಪಕ್ಕದಲ್ಲಿ ನಮ್ಮ ರೇಡಿಯೋ ಹಾಡುತ್ತಿರಲಿ.