ದಶಸ್ಪರ್ಧೆಯ ವೀರ, ಜನರ ಪ್ರತಿನಿಧಿ: ಬಾಬ್ ಮಥಾಯಸ್

ಓಟ, ಜಿಗಿತ, ಎಸೆತಗಳ ಹತ್ತು ಸ್ಪರ್ಧೆಗಳನ್ನು ಎರಡೇ ದಿನಗಳಲ್ಲಿ ಮುಗಿಸಬೇಕಾದ ಕಠಿಣ ಪರೀಕ್ಷೆಯೇ ಡೆಕಾಥ್ಲಾನ್. ಮೊದಲ ದಿನ 100 ಮೀಟರ್ ಓಟ, ಉದ್ದ ಜಿಗಿತ, ಗುಂಡು ಎಸೆತ, ಎತ್ತರ ಜಿಗಿತ ಮತ್ತು 400 ಮೀಟರ್ ಓಟ. ಎರಡನೆಯ ದಿನ 110 ಮೀಟರ್ ಹರ್ಡಲ್ಸ್, ಡಿಸ್ಕಸ್, ಪೋಲ್ ವಾಲ್ಟ್, ಜಾವೆಲಿನ್ ಹಾಗೂ 1500 ಮೀಟರ್ ಓಟ. ಒಂದರಲ್ಲಿ ಅಸಾಧಾರಣನಾದರೆ ಸಾಲದು, ಹತ್ತರಲ್ಲಿಯೂ ತಕ್ಕಮಟ್ಟಿಗೆ ಸಮರ್ಥನಾಗಿರಬೇಕು. ಈ ಸ್ಪರ್ಧೆಯನ್ನು ಒಲಿಂಪಿಕ್ಸ್‌ನಲ್ಲಿ ಸತತ ಎರಡು ಬಾರಿ ಗೆದ್ದ ಮೊದಲಿಗರು, ಅನಂತರ ಅಮೆರಿಕದ ಸಂಸತ್ತಿಗೆ ಆಯ್ಕೆಯಾದವರು ಬಾಬ್ ಮಥಾಯಸ್.

ಮಥಾಯಸ್ ಜನಿಸಿದ್ದು 1930ರ ನವೆಂಬರ್ 17ರಂದು, ಕ್ಯಾಲಿಫೋರ್ನಿಯಾದ ಟುಲೇರಿ ಎಂಬ ಕೃಷಿಪ್ರಧಾನ ಊರಿನಲ್ಲಿ. ಬಾಲ್ಯದಲ್ಲಿ ರಕ್ತಹೀನತೆಯಿಂದ ಬಳಲುತ್ತಿದ್ದ ಹುಡುಗ ಮುಂದೆ ಕ್ರೀಡಾವೀರನಾಗುವನೆಂದು ಯಾರೂ ಎಣಿಸಿರಲಾರರು. 1948ರಲ್ಲಿ ಶಾಲೆಯ ತರಬೇತುದಾರ ವರ್ಜಿಲ್ ಜಾಕ್ಸನ್ ಅವರ ಸಲಹೆಯಂತೆ ಡೆಕಾಥ್ಲಾನ್ ಅಭ್ಯಾಸವನ್ನು ಆರಂಭಿಸಿದ ಅವರು, ಕೆಲವೇ ತಿಂಗಳುಗಳಲ್ಲಿ ಲಂಡನ್ ಒಲಿಂಪಿಕ್ಸ್‌ಗೆ ಆಯ್ಕೆಯಾದರು. ಆಗ ಅವರ ವಯಸ್ಸು ಕೇವಲ 17.

ವೆಂಬ್ಲಿ ಕ್ರೀಡಾಂಗಣದಲ್ಲಿ ಅಂದು ಮಳೆ, ಮಂಜು, ಮಂದ ಬೆಳಕು. ಗುಂಡು ಎಸೆದ ಬಳಿಕ ವೃತ್ತದ ಮುಂಭಾಗದಿಂದ ಹೊರಬರಬಾರದೆಂಬ ನಿಯಮವನ್ನೂ ಅರಿಯದ ಹುಡುಗ, ತನ್ನ ಒಳ್ಳೆಯ ಎಸೆತವೊಂದನ್ನು ಕಳೆದುಕೊಂಡ. ಸ್ಪರ್ಧೆ ಮುಗಿಯುವ ಹೊತ್ತಿಗೆ ರಾತ್ರಿಯಾಗಿತ್ತು. ಆದರೂ 7139 ಅಂಕಗಳೊಡನೆ ಚಿನ್ನದ ಪದಕ ಅವನದಾಯಿತು. ಈ ಸಂತೋಷವನ್ನು ಹೇಗೆ ಆಚರಿಸುವೆ ಎಂದು ಕೇಳಿದಾಗ, ಇನ್ನು ಗಡ್ಡ ಬೋಳಿಸಲು ಆರಂಭಿಸಬಹುದೇನೋ ಎಂಬರ್ಥದ ಉತ್ತರ ಕೊಟ್ಟನೆಂಬ ಪ್ರಸಂಗ ಪ್ರಸಿದ್ಧವಾಗಿದೆ.

ಅನಂತರ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ವ್ಯಾಸಂಗ ಮಾಡುತ್ತ, ಅಮೆರಿಕನ್ ಫುಟ್‌ಬಾಲ್ ಕೂಡ ಆಡಿದ ಮಥಾಯಸ್ 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ 7887 ಅಂಕಗಳ ವಿಶ್ವದಾಖಲೆಯೊಡನೆ ಮತ್ತೆ ಗೆದ್ದರು. ಎರಡನೆಯ ಸ್ಥಾನ ಪಡೆದ ಮಿಲ್ಟ್ ಕ್ಯಾಂಬೆಲ್ ಅವರಿಗಿಂತ 912 ಅಂಕಗಳಷ್ಟು ಮುಂದಿದ್ದರು. 1954ರಲ್ಲಿ ತಮ್ಮದೇ ಜೀವನವನ್ನು ಕುರಿತ ಚಲನಚಿತ್ರದಲ್ಲಿ ಅಭಿನಯಿಸಿ ಹಣ ಪಡೆದುದರಿಂದ, ಅಂದಿನ ಹವ್ಯಾಸಿ ನಿಯಮಗಳ ಪ್ರಕಾರ 1956ರ ಒಲಿಂಪಿಕ್ಸ್‌ನಲ್ಲಿ ಸ್ಪರ್ಧಿಸುವ ಅರ್ಹತೆಯನ್ನು ಕಳೆದುಕೊಂಡರು. ಹೀಗೆ ಸೋಲನ್ನೇ ಕಾಣದ ಡೆಕಾಥ್ಲಾನ್ ಪಟು ಕಣದಿಂದ ಹಿಂದೆ ಸರಿಯಬೇಕಾಯಿತು.

ಇಲ್ಲಿ ನಮ್ಮ ಮಹಾರಾಷ್ಟ್ರದ ಒಂದು ನೆನಪು ಉಚಿತವೆನಿಸುತ್ತದೆ. ಲಂಡನ್ ಮತ್ತು ಹೆಲ್ಸಿಂಕಿ ಕೂಟಗಳೆರಡರಲ್ಲಿಯೂ ಕರಾಡ ಸಮೀಪದ ಗೋಳೇಶ್ವರದ ಕುಸ್ತಿಪಟು ಖಾಶಾಬಾ ಜಾಧವ್ ಭಾಗವಹಿಸಿದ್ದರು. ಸ್ವತಂತ್ರ ಭಾರತಕ್ಕೆ ಮೊದಲ ವೈಯಕ್ತಿಕ ಒಲಿಂಪಿಕ್ ಪದಕವನ್ನು ತಂದವರು ಅವರೇ. ಹೆಲ್ಸಿಂಕಿಗೆ ಅವರನ್ನು ಕಳುಹಿಸಲು ಕೊಲ್ಹಾಪುರದ ರಾಜಾರಾಮ್ ಕಾಲೇಜಿನ ಪ್ರಾಚಾರ್ಯ ಖರ್ಡೇಕರ್ ತಮ್ಮ ಮನೆಯನ್ನೇ ಅಡವಿಟ್ಟರು. ಬ್ಯಾಂಕಿನಲ್ಲಿ ಅಡಮಾನದ ಕಾಗದಪತ್ರಗಳನ್ನು ದಿನವೂ ನೋಡುವ ನಮಗೆ, ಆ ಒಂದು ಸಹಿಯ ಬೆಲೆ ಏನೆಂಬುದು ಚೆನ್ನಾಗಿ ತಿಳಿದಿದೆ. ಅಲ್ಲಿ ಪದಕ ಗೆದ್ದವರಿಗೆ ಚಲನಚಿತ್ರ, ಸಂಸತ್ತುಗಳ ಬಾಗಿಲು ತೆರೆದವು. ಇಲ್ಲಿ ಪದಕ ಗೆದ್ದವರು ಪೊಲೀಸ್ ನೌಕರಿಯಲ್ಲಿ ಬಾಳು ಸವೆಸಿದರು. ಅರ್ಜುನ ಪ್ರಶಸ್ತಿ ಅವರಿಗೆ ಸಂದದ್ದು ಮರಣಾನಂತರ, 2000ದಲ್ಲಿ.

ಮಥಾಯಸ್ 1966ರಲ್ಲಿ ರಿಪಬ್ಲಿಕನ್ ಪಕ್ಷದ ಅಭ್ಯರ್ಥಿಯಾಗಿ ಚುನಾವಣೆಗೆ ನಿಂತು, ಅಮೆರಿಕದ ಪ್ರತಿನಿಧಿ ಸಭೆಗೆ ಆಯ್ಕೆಯಾದರು. 1967ರಿಂದ 1975ರ ಆರಂಭದವರೆಗೆ, ಎರಡೆರಡು ವರ್ಷಗಳ ನಾಲ್ಕು ಅವಧಿಗಳಲ್ಲಿ ತಮ್ಮ ಸೀಮೆಯ ಜನರನ್ನು ಪ್ರತಿನಿಧಿಸಿದರು. ಆದರೆ 1974ರಲ್ಲಿ ಕ್ಷೇತ್ರದ ಗಡಿಗಳು ಬದಲಾಗಿದ್ದವು; ವಾಟರ್‌ಗೇಟ್ ಹಗರಣದಿಂದ ಅವರ ಪಕ್ಷದ ಮೇಲೆ ಜನರ ಅಸಮಾಧಾನವೂ ಹೆಚ್ಚಿತ್ತು. ಆ ಚುನಾವಣೆಯಲ್ಲಿ ಅವರು ಜಾನ್ ಕ್ರೆಬ್ಸ್ ಅವರೆದುರು ಪರಾಭವಗೊಂಡರು. ಡೆಕಾಥ್ಲಾನ್‌ನಲ್ಲಿ ಕಾಣದ ಸೋಲನ್ನು ಮತದಾರರು ತೋರಿಸಿದರು. ಕ್ರೀಡಾಂಗಣದ ಕೀರ್ತಿ ರಾಜಕಾರಣದ ಹೊಸ್ತಿಲವರೆಗೆ ಕರೆದೊಯ್ಯಬಹುದು. ಒಳಗೆ ಉಳಿಯಲು ಪ್ರತಿ ಬಾರಿಯೂ ಹೊಸ ಪರೀಕ್ಷೆ ಬರೆಯಬೇಕು.

ಸೋಲಿನ ಬಳಿಕ ಅವರು ಕ್ರೀಡೆಗೇ ಮರಳಿದರು. 1977ರಿಂದ 1983ರವರೆಗೆ ಕೊಲರಾಡೋ ಸ್ಪ್ರಿಂಗ್ಸ್‌ನ ಒಲಿಂಪಿಕ್ ತರಬೇತಿ ಕೇಂದ್ರದ ನಿರ್ದೇಶಕರಾಗಿ ಮುಂದಿನ ಪೀಳಿಗೆಗೆ ನೆರವಾದರು. 2006ರ ಸೆಪ್ಟೆಂಬರ್ 2ರಂದು, 75ನೆಯ ವಯಸ್ಸಿನಲ್ಲಿ ನಿಧನರಾದರು. ಟುಲೇರಿಯ ಕ್ರೀಡಾಂಗಣ ಅವರ ಹೆಸರನ್ನು ಹೊತ್ತಿದೆ.

ಭಾರತಕ್ಕೂ ಈ ಸ್ಪರ್ಧೆ ಹೊಸತಲ್ಲ. ಏಷ್ಯನ್ ಕ್ರೀಡಾಕೂಟದ ಡೆಕಾಥ್ಲಾನ್‌ನಲ್ಲಿ 1962ರಲ್ಲಿ ಗುರ್‌ಬಚನ್ ಸಿಂಗ್ ರಂಧಾವಾ, 1974ರಲ್ಲಿ ವಿಜಯ್ ಸಿಂಗ್ ಚೌಹಾಣ್ ಚಿನ್ನ ಗೆದ್ದರು. 2023ರಲ್ಲಿ ಹಾಂಗ್‌ಝೌನಲ್ಲಿ ತೇಜಸ್ವಿನ್ ಶಂಕರ್ 7666 ಅಂಕಗಳೊಡನೆ ಬೆಳ್ಳಿ ಪದಕ ಪಡೆದರು. ಮಹಿಳೆಯರ ಏಳು ಸ್ಪರ್ಧೆಗಳ ಹೆಪ್ಟಾಥ್ಲಾನ್‌ನಲ್ಲಿ ನಮ್ಮ ಕೊಡಗಿನ ಪ್ರಮೀಳಾ ಅಯ್ಯಪ್ಪ 2010ರಲ್ಲಿ ಕಂಚು ಗೆದ್ದುದು ಕನ್ನಡಿಗರೆಲ್ಲರಿಗೂ ಹೆಮ್ಮೆಯ ಸಂಗತಿ.

ಪುಣೆಯಲ್ಲಿ ನೆಲೆಸಿರುವ ನಮಗೆ ಬಾಲೇವಾಡಿಯ ಶಿವಛತ್ರಪತಿ ಕ್ರೀಡಾಸಂಕುಲ ದೂರವೇನಲ್ಲ. 2013ರಲ್ಲಿ ಏಷ್ಯನ್ ಅಥ್ಲೆಟಿಕ್ ಚಾಂಪಿಯನ್‌ಶಿಪ್ ನಡೆದದ್ದು ಅಲ್ಲಿಯೇ. ಅಂಕಪಟ್ಟಿಯ ಚಿಂತೆಯಲ್ಲಿ ಮಕ್ಕಳ ಸಂಜೆಗಳನ್ನೆಲ್ಲ ಟ್ಯೂಷನ್ನಿಗೆ ಮೀಸಲಿಡುವ ನಾವು, ವಾರಕ್ಕೊಂದು ಸಂಜೆಯಾದರೂ ಅವರನ್ನು ಮೈದಾನಕ್ಕೆ ಕರೆದೊಯ್ಯೋಣ. ಎಲ್ಲರೂ ಮಥಾಯಸ್ ಆಗಲಾರರು, ನಿಜ. ಆದರೆ ಒಂದು ಸ್ಪರ್ಧೆಯಲ್ಲಿ ಹಿಂದೆ ಬಿದ್ದವನು ಮುಂದಿನದಕ್ಕೆ ಮತ್ತೆ ಸಿದ್ಧನಾಗಬೇಕೆಂಬ ಪಾಠವನ್ನು ಮೈದಾನದಷ್ಟು ಚೆನ್ನಾಗಿ ಕಲಿಸುವ ಶಾಲೆ ಬೇರೊಂದಿಲ್ಲ.