ವೈ ಅಕ್ಷರದ ಮನೆಗಳು

2019ರ ಬೇಸಿಗೆಯಲ್ಲಿ ಮಗಳ ಬಾಣಂತನಕ್ಕೆಂದು ನ್ಯೂಯಾರ್ಕಿಗೆ ಹೋಗಿದ್ದೆ. ಶಾಲೆಯ ರಜೆಗೆ ಒಂದಿಷ್ಟು ಗಳಿಕೆ ರಜೆ ಸೇರಿಸಿ, ಅಂಟಿನುಂಡಿ ಕಟ್ಟಿಕೊಂಡು, ಹೆದರುತ್ತಲೇ ವಿಮಾನ ಹತ್ತಿದವಳು ನಾನು. ಮಗಳು ಅಳಿಯ ಇದ್ದದ್ದು ಕ್ವೀನ್ಸ್ ಭಾಗದ ಲಾಂಗ್ ಐಲ್ಯಾಂಡ್ ಸಿಟಿಯಲ್ಲಿ, ಗಾಜಿನ ಗೋಪುರದಂಥ ಕಟ್ಟಡದ 22ನೆಯ ಮಹಡಿಯಲ್ಲಿ. ಬಾಣಂತಿಯ ಎಣ್ಣೆ ನೀರು ಮುಗಿದು ಕೂಸು ಮಲಗಿತೆಂದರೆ ನನಗೆ ಕೆಲಸವಿಲ್ಲ. ಕಿಟಕಿಯ ಹತ್ತಿರ ಕುರ್ಚಿ ಎಳೆದುಕೊಂಡು ಕೂಡುತ್ತಿದ್ದೆ.

ಕಿಟಕಿಯಿಂದ ದೊಡ್ಡದೊಂದು ಉಕ್ಕಿನ ಸೇತುವೆ ಕಾಣುತ್ತಿತ್ತು. 1909ರಲ್ಲಿ ತೆರೆದ ಕ್ವೀನ್ಸ್‌ಬರೋ ಸೇತುವೆ ಅದು. ಅದರ ಆಚೆ, ನದಿಯ ದಂಡೆಯ ಕಡೆಗೆ, ಇಟ್ಟಿಗೆಯ ಕಟ್ಟಡಗಳ ಒಂದು ಊರೇ ಇತ್ತು. ಮೇಲಿನಿಂದ ನೋಡಿದರೆ ಇಂಗ್ಲಿಷಿನ ಎರಡು ವೈ ಅಕ್ಷರಗಳ ಬುಡ ಕೂಡಿಸಿದಂತೆ ಒಂದೊಂದರ ಆಕಾರ. ಮಗುವೊಂದು ಪಾಟಿಯ ತುಂಬ ಒಂದೇ ಅಕ್ಷರವನ್ನು ತಿದ್ದಿದ ಹಾಗಿತ್ತು.

“ಅದೇನ್ರಿ?” ಎಂದು ಅಳಿಯಂದಿರನ್ನು ಕೇಳಿದೆ.

“ಕ್ವೀನ್ಸ್‌ಬ್ರಿಜ್ ಅಂತಾರ್ರಿ ಅತ್ತಿ. ಬಡವರ ಸರ್ಕಾರಿ ಮನಿಗಳು. ಆ ಕಡೆ ನೀವೊಬ್ಬರ ಅಡ್ಡಾಡಾಕ ಹೋಗಬ್ಯಾಡ್ರಿ” ಎಂದರು. ಒಳಗಿನಿಂದ ಮಗಳು, “ಅವ್ವಾ, ಹಿಪ್ ಹಾಪ್ ಅಂತಾರಲ್ಲ, ಅದರ ದೊಡ್ಡ ದೊಡ್ಡ ಮಂದಿ ಅಲ್ಲೇ ಬೆಳದಾರ” ಎಂದಳು.

ಹಿಪ್ ಹಾಪ್ ಎಂದರೆ ನನಗೆ ಗೊತ್ತಿದ್ದದ್ದು ಇಷ್ಟೇ: ಸಡಿಲ ಪ್ಯಾಂಟು ತೊಟ್ಟ ಹುಡುಗರು ಕೈ ಬೀಸುತ್ತ ಗಡಗಡನೆ ಏನೋ ಅನ್ನುವ ಗದ್ದಲ. ಆದರೆ ಹೋಗಬೇಡಿ ಎಂದ ಕಡೆಗೇ ಮನಸ್ಸು ಹೋಗುತ್ತದಲ್ಲ! ಹತ್ತಿರದ ಗ್ರಂಥಾಲಯದಲ್ಲಿ ಪುಸ್ತಕಗಳನ್ನು ಹುಡುಕಿದೆ. ಇತಿಹಾಸ ಪಾಠ ಹೇಳುವವಳಿಗೆ ಆ ಚಟ ಇದ್ದೇ ಇರುತ್ತದೆ.

ಕ್ವೀನ್ಸ್‌ಬ್ರಿಜ್ ಕಟ್ಟಿದ್ದು ಒಳ್ಳೆಯ ಉದ್ದೇಶದಿಂದಲೇ. 1930ರ ದಶಕದ ಆರ್ಥಿಕ ಕುಸಿತದಲ್ಲಿ ಅಮೆರಿಕದ ಬಡವರು ಗಾಳಿ ಬೆಳಕಿಲ್ಲದ ಕೊಳೆಗೇರಿಗಳಲ್ಲಿ ಒದ್ದಾಡುತ್ತಿದ್ದರು. ನಗರದ ವಸತಿ ಪ್ರಾಧಿಕಾರ 1934ರಲ್ಲಿ ಹುಟ್ಟಿತು, 1937ರಲ್ಲಿ ಕೇಂದ್ರದ ವಸತಿ ಕಾನೂನು ಬಂತು. 1939ರಲ್ಲಿ ಇಲ್ಲಿಗೆ ಮೊದಲ ಸಂಸಾರಗಳು ಬಂದವು. ಆರು ಮಹಡಿಯ 96 ಕಟ್ಟಡಗಳು, 3,142 ಮನೆಗಳು. ಇಡೀ ಉತ್ತರ ಅಮೆರಿಕದಲ್ಲಿ ಇದಕ್ಕಿಂತ ದೊಡ್ಡ ಸಾರ್ವಜನಿಕ ವಸತಿ ಇನ್ನೊಂದಿಲ್ಲ. ಆ ವೈ ಆಕಾರವೂ ಸುಮ್ಮನೆ ಮಾಡಿದ್ದಲ್ಲ. ಪ್ರತಿ ಮನೆಗೂ ಬಿಸಿಲು, ಗಾಳಿ ಸಿಗಲೆಂದು ಮಾಡಿದ್ದು.

ಆದರೆ ಖರ್ಚಿಗೆ ಕಟ್ಟುನಿಟ್ಟಿನ ಮಿತಿಯಿತ್ತು. ಎಲ್ಲಿ ಉಳಿಸಿದರು ಗೊತ್ತೇ? ಲಿಫ್ಟಿನಲ್ಲಿ. ಅದು ನಿಲ್ಲುತ್ತಿದ್ದದ್ದು ಒಂದು, ಮೂರು, ಐದನೆಯ ಮಹಡಿಗಳಲ್ಲಿ ಮಾತ್ರ. ಎರಡು, ನಾಲ್ಕು, ಆರರಲ್ಲಿ ಇದ್ದವರು ಒಂದು ಮಹಡಿ ಹತ್ತಬೇಕು, ಇಲ್ಲವೇ ಇಳಿಯಬೇಕು. ಇದನ್ನು ಓದಿದಾಗ ನನಗೆ ನಗು ಬಂತು. ಬಗಲಲ್ಲಿ ಕೂಸು, ಕೈಯಲ್ಲಿ ಕಾಯಿಪಲ್ಯದ ಚೀಲ ಹಿಡಿದು ಮೆಟ್ಟಿಲು ಹತ್ತಿದವರು ಯಾರೂ ಆ ನಕ್ಷೆ ಬರೆದವರಲ್ಲಿ ಇರಲಿಲ್ಲವೆಂಬುದು ಖಾತ್ರಿಯಾಯಿತು.

ಮೊದಲು ಅಲ್ಲಿ ಬಿಳಿಯರೂ ಕರಿಯರೂ ಕೂಡಿಯೇ ಇದ್ದರು. 1950ರ ದಶಕದಲ್ಲಿ ವರ್ಷಕ್ಕೆ 3,000 ಡಾಲರಿಗಿಂತ ಹೆಚ್ಚು ದುಡಿಯುವ ಸಂಸಾರಗಳನ್ನು ಮಧ್ಯಮ ವರ್ಗದ ಬೇರೆ ವಸತಿಗಳಿಗೆ ಕಳಿಸಿದರು. ಹಾಗೆ ಹೋದವರಲ್ಲಿ ಹೆಚ್ಚಿನವರು ಬಿಳಿಯರು. ಉಳಿದವರು, ಆಮೇಲೆ ಬಂದವರು ಬಹುತೇಕ ಕರಿಯರು ಮತ್ತು ಸ್ಪ್ಯಾನಿಷ್ ಮಾತಿನ ಜನ. ಒಂದು ನಿಯಮ ಬಡತನವನ್ನೂ ಬಣ್ಣವನ್ನೂ ಒಂದೇ ಅಂಗಳದಲ್ಲಿ ಕೂಡಿ ಹಾಕಿತು. ನಮ್ಮ ಊರುಗಳಲ್ಲಿ ಕೇರಿಗಳು ಹೇಗಾದವೆಂದು ಬಲ್ಲವರಿಗೆ ಇದು ಹೊಸದಲ್ಲ.

ಆ ಅಂಗಳಗಳಲ್ಲಿ ಮಕ್ಕಳು ಏನು ಮಾಡಬೇಕು? ಬಾಸ್ಕೆಟ್‌ಬಾಲ್ ಆಡಿದರು. 1891ರಲ್ಲಿ ಜೇಮ್ಸ್ ನೇಸ್ಮಿತ್ ಎಂಬ ಶಿಕ್ಷಕ, ಚಳಿಗಾಲದಲ್ಲಿ ಮೈದಾನಕ್ಕೆ ಹೋಗಲಾರದ ವಿದ್ಯಾರ್ಥಿಗಳಿಗಾಗಿ ಪೀಚ್ ಹಣ್ಣಿನ ಬುಟ್ಟಿ ಕಟ್ಟಿ ಶುರು ಮಾಡಿದ ಆಟ ಅದು. ಹುಲ್ಲುಗಾವಲು ಬೇಡ, ದುಬಾರಿ ಸಾಮಾನು ಬೇಡ. ಒಂದು ಚೆಂಡು, ಒಂದು ಬಳೆ, ಕೈಯಗಲ ಕಾಂಕ್ರೀಟು ಸಾಕು. ಇಕ್ಕಟ್ಟಿನ ನಗರಕ್ಕೆ ಹೇಳಿ ಮಾಡಿಸಿದ ಆಟ.

ಇನ್ನು ಹಾಡು. ಅದು ಹುಟ್ಟಿದ್ದು ಕ್ವೀನ್ಸಿನಲ್ಲಲ್ಲ, ಉತ್ತರಕ್ಕಿರುವ ಬ್ರಾಂಕ್ಸಿನಲ್ಲಿ. ಹೆದ್ದಾರಿಗಾಗಿ ಓಣಿಗಳನ್ನೇ ಕೆಡವಿದ್ದ ಪ್ರದೇಶ ಅದು. 1973ರ ಆಗಸ್ಟ್ 11ರಂದು, ಸೆಜ್‌ವಿಕ್ ಅವೆನ್ಯೂದ 1520ನೆಯ ನಂಬರಿನ ಕಟ್ಟಡದ ಕೆಳಗಿನ ಸಾಮೂಹಿಕ ಕೋಣೆಯಲ್ಲಿ ಸಿಂಡಿ ಕ್ಯಾಂಪ್‌ಬೆಲ್ ಎಂಬ ಹುಡುಗಿ ಒಂದು ಪಾರ್ಟಿ ಇಟ್ಟಳು. ಶಾಲೆ ಶುರುವಾಗುವ ಮೊದಲು ಹೊಸ ಬಟ್ಟೆಗೆ ದುಡ್ಡು ಕೂಡಿಸುವುದು ಅವಳ ಉದ್ದೇಶ. ಹುಡುಗಿಯರಿಗೆ 25 ಸೆಂಟ್, ಹುಡುಗರಿಗೆ 50 ಸೆಂಟ್ ಪ್ರವೇಶ. ಗ್ರಾಮಫೋನ್ ತಟ್ಟೆ ಹಾಕಿದವನು ಅವಳ ಅಣ್ಣ ಕೂಲ್ ಹರ್ಕ್. ಹಾಡಿನ ನಡುವೆ ಬರೀ ತಾಳ ಬರುವ ತುಣುಕಿಗೆ ಜನ ಹೆಚ್ಚು ಕುಣಿಯುವುದನ್ನು ಅವನು ಗಮನಿಸಿದ್ದ. ಎರಡು ಯಂತ್ರಗಳ ಮೇಲೆ ಒಂದೇ ತಟ್ಟೆಯ ಎರಡು ಪ್ರತಿ ಇಟ್ಟು, ಆ ತುಣುಕನ್ನೇ ಮತ್ತೆ ಮತ್ತೆ ತಿರುಗಿಸಿ ಉದ್ದ ಮಾಡಿದ. ಹಿಪ್ ಹಾಪಿನ ಜನ್ಮದಿನವೆಂದು ಜಗತ್ತು ಎಣಿಸುವುದು ಅದೇ ದಿನವನ್ನು. ಒಂದು ಹುಡುಗಿಯ ಬಟ್ಟೆಯ ಆಸೆಯಿಂದ ಶುರುವಾದದ್ದೆಂದು ಎಷ್ಟು ಜನ ನೆನೆಯುತ್ತಾರೋ!

ಕ್ವೀನ್ಸ್‌ಬ್ರಿಜ್‌ನಲ್ಲಿ ಇದನ್ನು ಮುಂದುವರಿಸಿದವನು ಮಾರ್ಲಿ ಮಾರ್ಲ್ ಎಂಬ ತರುಣ. ಅವನಿಗೆ ದೊಡ್ಡ ಸ್ಟುಡಿಯೋ ಇರಲಿಲ್ಲ. ಸರ್ಕಾರಿ ಮನೆಯ ಕೋಣೆಯೇ ಸ್ಟುಡಿಯೋ. ಹಳೆಯ ತಟ್ಟೆಗಳಿಂದ ಡ್ರಮ್ಮಿನ ಒಂದೊಂದು ಪೆಟ್ಟನ್ನು ಯಂತ್ರದಲ್ಲಿ ಕತ್ತರಿಸಿ ತೆಗೆದು, ತನಗೆ ಬೇಕಾದಂತೆ ಜೋಡಿಸುತ್ತಿದ್ದ. ಇದಕ್ಕೆ ಸ್ಯಾಂಪ್ಲಿಂಗ್ ಎನ್ನುತ್ತಾರೆ. ನಮಗೆ ತಿಳಿಯುವಂತೆ ಹೇಳುವುದಾದರೆ ಅದು ಕೌದಿ. ನಮ್ಮಮ್ಮ ಹಳೆಯ ಇಳಕಲ್ ಸೀರೆಯ ಸೆರಗು, ಅಪ್ಪನ ಧೋತರದ ಅಂಚು, ನನ್ನ ಲಂಗದ ತುಂಡು ಕೂಡಿಸಿ ಹೊಲಿಯುತ್ತಿದ್ದಳು. ತುಂಡು ಹಳತು, ಕೌದಿ ಹೊಸತು. ಹೊಸ ಬಟ್ಟೆ ಕೊಳ್ಳಲಾರದವರು ಕಂಡುಕೊಂಡ ಕಲೆ ಎರಡೂ.

1984ರಲ್ಲಿ ಆ ಕೋಣೆಗೆ ಅದೇ ವಸತಿಯ 14 ವರ್ಷದ ಹುಡುಗಿ ಬಂದಳು, ರೊಕ್ಸಾನ್ ಶಾಂಟೆ. ತಮಗೆ ಸೊಪ್ಪು ಹಾಕದ ಹುಡುಗಿಯೊಬ್ಬಳ ಮೇಲೆ ಗಂಡಸರ ತಂಡವೊಂದು ಕಟ್ಟಿದ ಹಾಡು ಆಗ ಜನಪ್ರಿಯವಾಗಿತ್ತು. ಈಕೆ ಮೈಕಿನ ಮುಂದೆ ನಿಂತು, ಬರೆದುಕೊಳ್ಳದೆ, ಆ ಹುಡುಗಿಯ ಪರವಾಗಿ ಅಲ್ಲಿಯೇ ಹೊಸೆದು ಉತ್ತರ ಕೊಟ್ಟಳು. ಆ ಮೇಲೆ ಪರ ವಿರೋಧವಾಗಿ ಹತ್ತಾರು ಉತ್ತರದ ಹಾಡುಗಳು ಬಂದವು. ಓದುತ್ತಿದ್ದಂತೆ ನಮ್ಮ ಜಾತ್ರೆಗಳ ಗೀಗೀ ಮೇಳ ನೆನಪಾಯಿತು. ಗಂಡು ಹೆಚ್ಚೆಂದು ಹರದೇಶಿಯವರು, ಹೆಣ್ಣು ಹೆಚ್ಚೆಂದು ನಾಗೇಶಿಯವರು ರಾತ್ರಿಯಿಡೀ ಸವಾಲು ಜವಾಬು ಹಾಡುವುದಿಲ್ಲವೇ? ಶಾಂಟೆ ಆ ಓಣಿಯ ನಾಗೇಶಿ. 2025ರಲ್ಲಿ ಅವಳಿಗೆ ಗ್ರ್ಯಾಮಿಯ ಜೀವಮಾನ ಸಾಧನೆಯ ಪ್ರಶಸ್ತಿ ಬಂದಾಗ ನನ್ನ ವಿದ್ಯಾರ್ಥಿನಿಗೇ ಬಂದಷ್ಟು ಹಿಗ್ಗಿದೆ.

ಆದರೆ ನನ್ನನ್ನು ತಡೆದು ನಿಲ್ಲಿಸಿದ್ದು ಇನ್ನೊಬ್ಬನ ಕಥೆ. ನಾಸ್ ಎಂದು ಹೆಸರಾದ ನಾಸಿರ್ ಜೋನ್ಸ್ ಹುಟ್ಟಿದ್ದು 1973ರಲ್ಲಿ, ಬೆಳೆದದ್ದು ಈ ವೈ ಅಕ್ಷರದ ಮನೆಗಳಲ್ಲಿ. ತಂದೆ ಜಾಝ್ ಸಂಗೀತಗಾರ, ತಾಯಿ ಅಂಚೆ ಇಲಾಖೆಯ ನೌಕರಳು. ಎಂಟನೆಯ ತರಗತಿ ಮುಗಿಸಿ ಹುಡುಗ ಶಾಲೆ ಬಿಟ್ಟ. ಕ್ರ್ಯಾಕ್ ಎಂಬ ಅಗ್ಗದ ಕೊಕೇನು ಅಂಥ ವಸತಿಗಳನ್ನೆಲ್ಲ ಹಿಂಡಿದ ಕಾಲ ಅದು. 1994ರಲ್ಲಿ, 20ರ ವಯಸ್ಸಿನಲ್ಲಿ ಅವನು ಹೊರತಂದ ‘ಇಲ್‌ಮ್ಯಾಟಿಕ್’ ಹಾಡುಗಳ ಸಂಪುಟ ಆ ಓಣಿಯ ಬದುಕನ್ನೇ ಹೇಳಿತು. ಹೊದಿಕೆಯ ಚಿತ್ರದಲ್ಲಿ ಅವನ ಎಳೆಯ ಮುಖ, ಅದರೊಳಗೆ ಬೆರೆತ ಕ್ವೀನ್ಸ್‌ಬ್ರಿಜ್ ಕಟ್ಟಡಗಳು. 2013ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯ ಅವನ ಹೆಸರಿನಲ್ಲಿ ಸಂಶೋಧನಾ ವೇತನ ಇಟ್ಟಿತು. 2021ರಲ್ಲಿ ಅಮೆರಿಕದ ರಾಷ್ಟ್ರೀಯ ಗ್ರಂಥಾಲಯ ಆ ಸಂಪುಟವನ್ನು ಕಾಪಿಡಬೇಕಾದ ಧ್ವನಿಮುದ್ರಣಗಳ ಪಟ್ಟಿಗೆ ಸೇರಿಸಿತು.

ಎಂಟನೆಯ ತರಗತಿ ಎಂದು ಓದಿದೊಡನೆ ಪುಸ್ತಕ ಮುಚ್ಚಿಟ್ಟೆ. ನನಗೂ ಒಬ್ಬ ಎಂಟನೆಯ ತರಗತಿಯ ಹುಡುಗನ ಬಾಕಿ ಇತ್ತು.

2003ರ ಮಾತು. ಕೊನೆಯ ಬೆಂಚಿನ ಆ ಹುಡುಗ ಸದಾ ಡೆಸ್ಕಿನ ಮೇಲೆ ಬೆರಳಾಡಿಸುತ್ತಿದ್ದ. ಒಂದು ದಿನ, ವಿಜಯನಗರದ ಪತನ ಹೇಳುತ್ತಿದ್ದಾಗ, ತಲೆ ಕೆಟ್ಟು ಕೂಗಿದೆ: “ಸಾಲಿ ಯಾಕ ನಿನಗ? ಹೋಗಿ ಹಲಗಿ ಬಾರಿಸು!” ಅವನ ತಂದೆ ಹಲಗಿ ಬಾರಿಸುವವರು. ಅದು ಇಡೀ ತರಗತಿಗೆ ಗೊತ್ತಿತ್ತು. ನನಗೂ ಗೊತ್ತಿತ್ತು. ಮಕ್ಕಳು ನಕ್ಕರು. ಅವನು ಬೆರಳು ಮಡಚಿಕೊಂಡ. ಎಂಟನೆಯ ತರಗತಿ ಮುಗಿಸಿ, ಮುಂದಿನ ವರ್ಷ ಬರಲಿಲ್ಲ. ಮನೆಯ ಬಡತನ ಎಂದರು. ಅದೂ ನಿಜವಿರಬಹುದು. ಆದರೆ ನನ್ನ ಮಾತಿನ ಪಾಲು ಎಷ್ಟೆಂದು ಯಾರು ಲೆಕ್ಕ ಹಾಕಬೇಕು?

ನಲವತ್ತು ದಿನ ಕಳೆದ ಮೇಲೆ ಮಗಳನ್ನೂ ಕೂಸನ್ನೂ ಕರೆದುಕೊಂಡು ಕ್ವೀನ್ಸ್‌ಬ್ರಿಜ್ ಪಾರ್ಕಿಗೆ ಹೋದೆವು. ಅಳಿಯಂದಿರೂ ಗೊಣಗುತ್ತ ಬಂದರು. ಅವರ ಭಯ ಹಳೆಯ ಕಾಲದ್ದಾಗಿತ್ತು. 2017ರ ಜನವರಿಯಲ್ಲಿ ಆ ಬಡಾವಣೆ 365 ದಿನ ಒಂದೂ ಗುಂಡೇಟಿಲ್ಲದೆ ಕಳೆದದ್ದನ್ನು ಆಚರಿಸಿತ್ತು. ಹುಡುಗರು ಚೆಂಡು ಪುಟಿಸುತ್ತಿದ್ದರು. ಬೆಂಚಿನ ಮೇಲಿದ್ದ ಒಬ್ಬ ಅಜ್ಜಿ ಕೂಸನ್ನು ನೋಡಿ, ಎಷ್ಟು ದಿನ ಎಂದು ಕೇಳಿ, ಟೊಪ್ಪಿಗೆ ಸರಿಯಾಗಿ ಹಾಕಿರೆಂದು ಮಗಳಿಗೆ ಬುದ್ಧಿ ಹೇಳಿದಳು. ನಮ್ಮ ಓಣಿಯ ಅಜ್ಜಿಯೂ ಹಾಗೆಯೇ ಹೇಳುತ್ತಿದ್ದಳು.

ಅಳಿಯಂದಿರು ಆ ಹುಡುಗರನ್ನು ತೋರಿಸಿ, ಅಲ್ಲಿಂದಲೇ ಬಂದ ರಾನ್ ಆರ್ಟೆಸ್ಟ್ ಎಂಬ ಆಟಗಾರನ ಕಥೆ ಹೇಳಿದರು. ಅಂಗಳದಿಂದ ಎನ್‌ಬಿಎ ತನಕ ಹೋದವನು. 2004ರ ನವೆಂಬರಿನಲ್ಲಿ ಪ್ರೇಕ್ಷಕರ ಮೇಲೇ ಏರಿಹೋಗಿ, ಆ ಸರಣಿಯ ಉಳಿದ ಆಟಗಳಿಂದೆಲ್ಲ ಹೊರಬಿದ್ದ. ಹುಚ್ಚ, ರೌಡಿ ಎಂದು ಜನ ಕರೆದರು. 2010ರಲ್ಲಿ ಅವನ ತಂಡ ಗೆದ್ದಾಗ, ಟಿವಿಯ ಮುಂದೆ ತನ್ನ ಮನೋವೈದ್ಯೆಗೆ ಧನ್ಯವಾದ ಹೇಳಿದ. ಗೆಲುವಿನ ಉಂಗುರವನ್ನೇ ಲಾಟರಿಗಿಟ್ಟು, ಬಂದ ಹಣವನ್ನು ಮಾನಸಿಕ ಆರೋಗ್ಯದ ಕೆಲಸಕ್ಕೆ ಕೊಟ್ಟ. 2011ರಲ್ಲಿ ಮೆಟಾ ವರ್ಲ್ಡ್ ಪೀಸ್ ಎಂದು ಹೆಸರು ಬದಲಿಸಿಕೊಂಡ. ಮೆತ್ತಾ ಎಂಬುದು ಪಾಲಿ ಭಾಷೆಯ ಮಾತು. ಬುದ್ಧ ಹೇಳಿದ ಮೈತ್ರಿ. ನಮ್ಮ ಕಡೆಯ ಮಾತೊಂದು ಅಷ್ಟು ದೂರದ ಸರ್ಕಾರಿ ವಸತಿಯ ಹುಡುಗನಿಗೆ ಬೇಕಾಯಿತು. ನಾನು ಅದನ್ನು ತರಗತಿಯಲ್ಲಿ ಪಾಠ ಮಾಡಿದ್ದೆ, ಪ್ರಶ್ನೆಪತ್ರಿಕೆಯಲ್ಲಿ ಒಂದು ಅಂಕಕ್ಕೂ ಕೇಳಿದ್ದೆ. ಕೊನೆಯ ಬೆಂಚಿನ ತನಕ ಒಯ್ದಿರಲಿಲ್ಲ.

ಊರಿಗೆ ಬಂದ ಮೇಲೆ ಆ ಹುಡುಗನನ್ನು ಹುಡುಕಿದೆ. ಈಗ ಹುಡುಗನೇನಲ್ಲ, ಗೌಂಡಿ. ಬಸ್ ನಿಲ್ದಾಣದ ಹಿಂದೆ ಮನೆಯೊಂದರ ಗೋಡೆ ಏರಿಸುತ್ತಿದ್ದ. ನನ್ನನ್ನು ಕಂಡು ಇಳಿದು ಬಂದು, ಸಿಮೆಂಟಿನ ಕೈ ಒರೆಸಿಕೊಂಡು, “ನಮಸ್ಕಾರ್ರಿ ಅಕ್ಕೋರ” ಎಂದ. ಅವತ್ತು ನಾನು ಅಂದದ್ದು ತಪ್ಪಾಯಿತಪ್ಪ ಎಂದೆ. ಅವನು ಯಾವ ಮಾತು ಎಂದು ಕೇಳಲಿಲ್ಲ. ಹದಿನಾರು ವರ್ಷವಾದರೂ ಕೇಳಲಿಲ್ಲ. ಸ್ವಲ್ಪ ಹೊತ್ತು ನೆಲ ನೋಡಿ, “ಹಲಗಿ ಬಿಟ್ಟೇನ್ರಿ ಅಕ್ಕೋರ. ಮಗ ಬಾರಸ್ತಾನ, ನಾನ ಬ್ಯಾಡ ಅಂತೀನಿ” ಎಂದ.

“ಬ್ಯಾಡ ಅನಬ್ಯಾಡೋ” ಎಂದೆ. ಅವನು ನಕ್ಕ, ಒಪ್ಪಿದನೋ ಇಲ್ಲವೋ ತಿಳಿಯಲಿಲ್ಲ.

ಆ ಮಗ ಈಗ ನಮ್ಮ ಶಾಲೆಯಲ್ಲೇ, ಎಂಟನೆಯ ತರಗತಿಯಲ್ಲಿದ್ದಾನೆ. ಡೆಸ್ಕಿನ ಮೇಲೆ ಅವನ ಬೆರಳು ಆಡುತ್ತವೆ. ಒಂದು ನಿಮಿಷ ಪಾಠ ನಿಲ್ಲಿಸಿ ಕೇಳುತ್ತೇನೆ. ಆಮೇಲೆ, “ಸಾಕಪ್ಪ, ಉಳದದ್ದು ಬಿಡುವಿನ್ಯಾಗ” ಎಂದು ಪುಸ್ತಕ ತೆರೆಯುತ್ತೇನೆ.