ತಡವಾಗಿ ಓದಿದ ಸಾಲು

ಮೊನ್ನೆ ಬೀರು ಜೋಡಿಸುವಾಗ 2015ರ ಹೆಲ್ತ್ ಪಾಲಿಸಿ ಸಿಕ್ತು. ‘ಇವಕ್ಕೆ ವಿಮೆ ಇಲ್ಲ’ ಅನ್ನೋ ಪಟ್ಟಿಯಲ್ಲಿ ಮಾನಸಿಕ ಕಾಯಿಲೆಯೂ ಇದೆ. ಆ ಸಾಲು ನಾನು ಓದಿದ್ದು ಅಕ್ಕ ಆಸ್ಪತ್ರೆ ಸೇರಿದ ಮೇಲೆ. ಅಪ್ಪ ಪಿಎಫ್ ಹಣ ತೆಗೆದು ಬಿಲ್ ಕಟ್ಟಿದರು.

ದೇಹದ ಕಾಯಿಲೆಗಿರುವಂತೆಯೇ ಮನಸ್ಸಿನ ಕಾಯಿಲೆಗೂ ವಿಮೆ ಇರಬೇಕು ಅಂದಿದ್ದು 2017ರ ಮಾನಸಿಕ ಆರೋಗ್ಯ ಕಾಯ್ದೆಯ 21(4)ನೇ ಕಲಮು. 2018ರ ಮೇ 29ಕ್ಕೆ ಕಾಯ್ದೆ ಜಾರಿಯಾಯಿತು. ಆದರೂ ಎಷ್ಟೋ ಪಾಲಿಸಿಗಳಲ್ಲಿ ಹಳೇ ಸಾಲು ಹಾಗೇ ಉಳಿಯಿತು. 2020ರಲ್ಲಿ ವಕೀಲರೊಬ್ಬರು ಸುಪ್ರೀಂ ಕೋರ್ಟಿಗೆ ಹೋದರು. 2021ರಲ್ಲಿ, ಕ್ಲೇಮ್ ಸಿಗದ ಮಹಿಳೆಯೊಬ್ಬರ ಪರ ದೆಹಲಿ ಹೈಕೋರ್ಟ್ ತೀರ್ಪು ಕೊಟ್ಟಿತು. ಕೊನೆಗೆ ವಿಮಾ ನಿಯಂತ್ರಣ ಪ್ರಾಧಿಕಾರ ಕಂಪನಿಗಳಿಗೆ 2022ರ ಅಕ್ಟೋಬರ್ 31ರ ಗಡುವು ಹಾಕಿತು.

ನಿಮ್ಮ ಆಫೀಸ್ ಪಾಲಿಸಿಯನ್ನು ಇವತ್ತೇ ತೆಗೆದು ಓದಿ. ನಾವು ತಡವಾಗಿ ಓದಿದ್ವಿ.